ಎಲ್ಲಕ್ಕೂ ತೇಗವೇ ಬೇಕಾ? ಬಿಸಿಲು, ಮಳೆಗೆ ನಿಲ್ಲೋ ಮರ ಆರಿಸೋದು ಹೇಗೆ

ಜಂಗಮಕೋಟೆ: ಮನೆ ಕಟ್ಟೋಕೆ ಹೊರಟವರಿಗೆ ಪಾಯ, ಗೋಡೆ, ಮೋಲ್ಡಿಂಗ್ ಲೆಕ್ಕವೆಲ್ಲ ಹೇಗೋ ಹೊಂದುತ್ತೆ. ಮರದ ಲೆಕ್ಕಕ್ಕೆ ಬಂದಾಗ ಮಾತ್ರ ಕೈ ತಡೆಯುತ್ತೆ. ತಲೆಬಾಗಿಲು ತೇಗದ್ದೇ ಆಗಬೇಕು ಅಂತ ಮನೆಯ ಹಿರಿಯರು, ಕಿಟಕಿಗೂ ತೇಗ ಹಾಕಿದ್ರೆ ಸಾಲ ಇನ್ನೂ ಬೆಳೆಯುತ್ತೆ ಅಂತ ಮಕ್ಕಳು. ಕೊನೆಗೆ ಡಿಪೋಗೆ ಹೋಗಿ 'ಕಡಿಮೆ ರೇಟಿನ ಟೀಕ್' ಯಾವುದಿದೆ ಅಂತ ಕೇಳೋದು, ಅವರು ಕೊಟ್ಟಿದ್ದನ್ನು ತರೋದು. ಎರಡು ಮಳೆಗಾಲ ಕಳೆಯೋದರೊಳಗೆ ಬಾಗಿಲು ಬಿಗಿಯಾಗುತ್ತೆ, ಕಿಟಕಿ ಚೌಕಟ್ಟಿನ ಬುಡ ಮೆತ್ತಗಾಗುತ್ತೆ, ಗೆದ್ದಲು ಏರುತ್ತೆ. 'ತೇಗ ಹಾಕಿದ್ವಲ್ಲಾ, ಹೀಗ್ಯಾಕಾಯ್ತು?' ಅನ್ನೋ ಪ್ರಶ್ನೆ ಆಗ ಶುರು.

ಉತ್ತರ ಇಷ್ಟೇ: ಬಿಸಿಲು ಮಳೆಗೆ ನಿಲ್ಲೋದು ಮರದ ಹೆಸರಲ್ಲ, ಮರದ ಚೇಗು. ಎಳೆಯ ತೇಗದ ಬಿಳಿ ಭಾಗಕ್ಕಿಂತ ಬಲಿತ ಹಲಸಿನ ಚೇಗು ಹೆಚ್ಚು ದಿನ ಬಾಳುತ್ತೆ. ಚೇಗು ಇದ್ದು, ಚೆನ್ನಾಗಿ ಒಣಗಿದ್ದು, ನೀರು ನಿಲ್ಲದ ಹಾಗೆ ಕೂರಿಸಿದ್ರೆ ತೇಗ ಬಿಟ್ಟು ಬೇರೆ ಹತ್ತು ದಾರಿಗಳಿವೆ. ಈ ಮೂರೂ ಇಲ್ಲದಿದ್ರೆ ಬರ್ಮಾ ತೇಗವೂ ಕೈಕೊಡುತ್ತೆ.

ದೋಣಿ ಕಟ್ಟೋರು ಕಲಿಸಿದ ಪಾಠ

ಜಂಗಮಕೋಟೆ ಕಡೆ ಮರದ ದೋಣಿ ಕಟ್ಟೋರು ಯಾರೂ ಇಲ್ಲ. ಆದ್ರೆ ಹೊರಗಿನ ಕೆಲಸಕ್ಕೆ ಯಾವ ಮರ ಅನ್ನೋ ವಿಷಯದಲ್ಲಿ ಮೊದಲು ಕೇಳಬೇಕಾದ್ದು ದೋಣಿ ಕಟ್ಟೋರನ್ನೇ. ಯಾಕಂದ್ರೆ ಮರಕ್ಕೆ ಅದಕ್ಕಿಂತ ಕಷ್ಟದ ಪರೀಕ್ಷೆ ಬೇರೆ ಇಲ್ಲ. ಕೆಳಗೆ ಉಪ್ಪುನೀರು, ಮೇಲೆ ಸುಡುವ ಬಿಸಿಲು, ದಿನಕ್ಕೆ ಹತ್ತು ಸಲ ನೆನೆಯೋದು, ಒಣಗೋದು.

ಆ ಪರೀಕ್ಷೆಯಲ್ಲಿ ತೇಗ ಗೆದ್ದಿದ್ದು ನಿಜ. ಬಾಂಬೆ ಹಡಗುಕಟ್ಟೆಯಲ್ಲಿ ಮಲಬಾರ್ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಎಚ್‌ಎಂಎಸ್ ಟ್ರಿಂಕೋಮಲಿ' ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಾ ನಿಂತಿದೆ. ಇನ್ನೂರು ವರ್ಷ ದಾಟಿದೆ. ಜಗತ್ತಿನ ಹಡಗುಗಳ ಡೆಕ್ಕಿಗೆ, ಅಂಚಿನ ಪಟ್ಟಿಗಳಿಗೆ ತೇಗವೇ ಬೇಕು ಅನ್ನೋ ಹೆಸರು ಬಂದಿದ್ದು ಇಂಥ ಹಡಗುಗಳಿಂದ.

ಆದ್ರೆ ಅದೇ ಪಶ್ಚಿಮ ಕರಾವಳಿಯಲ್ಲಿ ಮೀನುಗಾರರು ಎಲ್ಲಾ ದೋಣಿಗೂ ತೇಗ ಹಾಕಿದವರಲ್ಲ. ಹಲಸಿನ ಜಾತಿಗೇ ಸೇರಿದ ಹೆಬ್ಬಲಸು, ಮತ್ತಿ, ಕಿರಾಲ್‌ಬೋಗಿ ಮರಗಳಲ್ಲಿ ದೋಣಿ ಕಟ್ಟಿದ್ರು. ಕೇರಳದ ದೊಡ್ಡ ದೊಡ್ಡ ಕೆಟ್ಟುವಳ್ಳಂ ದೋಣಿಗಳ ಹಲಗೆ ಹೆಬ್ಬಲಸಿನದ್ದೇ. ಅಲ್ಲಿ ಅದನ್ನು ಆಂಜಿಲಿ ಅಂತಾರೆ. ಗೇರು ಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಬಳಿದು ಅವನ್ನು ಕಾಪಾಡಿಕೊಂಡು ಬಂದ್ರು.

ಇನ್ನೂ ಒಂದು ಉದಾಹರಣೆ ಇದೆ. ರಬ್ಬರ್ ಮರ ಅಂದ್ರೆ ಕಡಿದ ಕೆಲವೇ ವಾರಗಳಲ್ಲಿ ಬೂಸ್ಟು ಹಿಡಿಯುವ, ಹುಳು ತಿನ್ನುವ ಮರ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಅದೇ ಮರಕ್ಕೆ ಒತ್ತಡದಲ್ಲಿ ಔಷಧ ಹತ್ತಿಸಿ, ಮೇಲೆ ಫೈಬರ್ ಹೊದಿಕೆ ಕೊಟ್ಟು ಮೀನುಗಾರಿಕೆ ದೋಣಿ ಮಾಡಿ ತೋರಿಸಿದ್ರು. ಸೌದೆಗೆ ಹೋಗುವ ಮರ ಸಮುದ್ರಕ್ಕೆ ಇಳಿಯಿತು. ಸಮುದ್ರದಲ್ಲೇ ತೇಗ ಬಿಟ್ಟು ಬದುಕಬಹುದು ಅಂದ್ಮೇಲೆ ಶಿಡ್ಲಘಟ್ಟ ತಾಲ್ಲೂಕಿನ ಕಿಟಕಿಗೆ ತೇಗವೇ ಬೇಕು ಅಂತೇನೂ ಇಲ್ಲ.

ಚೇಗು ಯಾವುದು, ಬಿಳಿ ಯಾವುದು

ತೇಗ ಯಾಕೆ ಬಾಳುತ್ತೆ? ಅದರ ಚೇಗಿನಲ್ಲಿ ಎಣ್ಣೆಯಂಥ ಅಂಶ ಇದೆ, ಗೆದ್ದಲಿಗೂ ಬೂಸ್ಟಿಗೂ ಒಗ್ಗದ ರಾಸಾಯನಿಕಗಳಿವೆ. ಜೊತೆಗೆ ಅದು ನೆನೆದಾಗ ಉಬ್ಬೋದು, ಒಣಗಿದಾಗ ಕುಗ್ಗೋದು ಕಡಿಮೆ. ಹಸಿ ಮರ ಪೂರ್ತಿ ಒಣಗೋವಾಗ ಅಡ್ಡಗಲದಲ್ಲಿ ಹೆಚ್ಚೂಕಡಿಮೆ ನೂರಕ್ಕೆ ಐದರಷ್ಟು ಕುಗ್ಗುತ್ತೆ. ನೀಲಗಿರಿ ಸುಮಾರು ಅದರ ಎರಡರಷ್ಟು ಕುಗ್ಗುತ್ತೆ. ಬಾಗಿಲು ಸೊಟ್ಟಗಾಗೋದು, ಬಿರುಕು ಬಿಡೋದು ಈ ಕುಗ್ಗುವಿಕೆಯಿಂದಲೇ.

ಆದ್ರೆ ಈ ಗುಣವೆಲ್ಲ ಇರೋದು ಒಳಗಿನ ಕಂದು ಬಣ್ಣದ ಚೇಗಿನಲ್ಲಿ ಮಾತ್ರ. ತೊಗಟೆ ಪಕ್ಕದ ಬಿಳಿ ಭಾಗದಲ್ಲಿ ಅದೇನೂ ಇಲ್ಲ. ಅಲ್ಲಿ ಇರೋದು ಮರ ಊಟಕ್ಕೆ ಇಟ್ಟುಕೊಂಡ ಪಿಷ್ಟ, ಸಕ್ಕರೆ. ಗೆದ್ದಲಿಗೆ, ಕೊರೆಯುವ ಹುಳುವಿಗೆ ಬೇಕಾದ್ದೂ ಅದೇ. ಎಂಥ ಜಾತಿ ಮರವಾದ್ರೂ ಬಿಳಿ ಭಾಗ ಬಾಳಿಕೆ ಬರಲ್ಲ.

ತೋಟದ ಬದುವಿನಲ್ಲಿ ಬೆಳೆದ ಹದಿನೈದು, ಇಪ್ಪತ್ತು ವರ್ಷದ ತೇಗದ ಸಮಸ್ಯೆ ಇದೇ. ನೀರು ಗೊಬ್ಬರ ಸಿಕ್ಕಿ ಬೇಗ ದಪ್ಪ ಆಗಿರುತ್ತೆ, ಆದ್ರೆ ಚೇಗು ಕಟ್ಟಿರೋದು ಕಡಿಮೆ. ಕೊಯ್ದಾಗ ಹಲಗೆಯ ಅಂಚಿನಲ್ಲಿ ಬಿಳಿ ಪಟ್ಟಿ ಉಳಿಯುತ್ತೆ. ಅದರ ಮೇಲೆ ಬಣ್ಣದ ಸ್ಟೇನ್ ಹೊಡೆದು ಪಾಲಿಷ್ ಮಾಡಿದ್ರೆ ಗಿರಾಕಿಗೆ ಗೊತ್ತೇ ಆಗಲ್ಲ. ಆದ್ದರಿಂದ ಮರ ನೋಡಬೇಕಾದ್ದು ಪಾಲಿಷ್ ಆಗೋ ಮೊದಲು. ಹಲಗೆಯ ಕಡಿದ ತುದಿ ನೋಡಿ. ಎರಡು ಬಣ್ಣ ಕಂಡ್ರೆ ತೆಳು ಬಣ್ಣದ್ದು ಬಿಳಿ. ಅದನ್ನು ತೆಗೆಸಿಯೇ ಅಳತೆ ಹಾಕಿಸಿ. ಬಿಳಿ ಭಾಗಕ್ಕೂ ಚೇಗಿನ ರೇಟು ಕೊಡೋದು ದಂಡ.

ಹೆಸರಲ್ಲಿ 'ಟೀಕ್' ಇದ್ದ ಮಾತ್ರಕ್ಕೆ ತೇಗ ಅಲ್ಲ

ಡಿಪೋಗಳಲ್ಲಿ ಬರ್ಮಾ ಟೀಕ್, ಘಾನಾ ಟೀಕ್, ಆಫ್ರಿಕನ್ ಟೀಕ್, ಬ್ರೆಜಿಲ್ ಟೀಕ್ ಅಂತ ಹೆಸರು ಕೇಳಿಸುತ್ತೆ. ಇವೆಲ್ಲ ಒಂದೇ ಅಲ್ಲ.

ಬರ್ಮಾ ಟೀಕ್ ಕಾಡಿನಲ್ಲಿ ನಿಧಾನವಾಗಿ ಬೆಳೆದ ಅಸಲಿ ತೇಗ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತು ನಿಲ್ಲಿಸಿತು. 2021ರಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅಮೆರಿಕ, ಯುರೋಪ್ ಅಲ್ಲಿನ ಸರ್ಕಾರಿ ಮರದ ಸಂಸ್ಥೆ ಮೇಲೆ ನಿರ್ಬಂಧ ಹಾಕಿದವು. ಹಾಗಾಗಿ 'ಅಗ್ಗದ ಬರ್ಮಾ' ಅಂತ ಯಾರಾದ್ರೂ ಹೇಳಿದ್ರೆ ಎರಡು ಸಲ ಯೋಚನೆ ಮಾಡಬೇಕು.

ಘಾನಾ ಟೀಕ್ ಕೂಡ ತೇಗವೇ, ಆದ್ರೆ ನೆಟ್ಟು ಬೆಳೆಸಿದ ಎಳೆಯ ತೇಗ. ಅಲ್ಲೂ ಬಿಳಿ ಭಾಗದ ಪ್ರಶ್ನೆ ಇದ್ದೇ ಇದೆ. ಆಫ್ರಿಕನ್ ಟೀಕ್ ಅಂತ ಮಾರೋದು ಹೆಚ್ಚಾಗಿ ಇರೋಕೋ ಅನ್ನೋ ಬೇರೆಯೇ ಮರ. ಹಾಗಂತ ಅದು ಕೆಟ್ಟ ಮರ ಅಲ್ಲ. ಹೊರದೇಶಗಳಲ್ಲಿ ದೋಣಿ ಕಟ್ಟೋರು ತೇಗದ ಬದಲು ಮೊದಲು ಕೈಹಾಕೋದೇ ಇರೋಕೋಗೆ. ಕೊಯ್ಯುವಾಗ ಏಳುವ ಪುಡಿ ಮಾತ್ರ ಕಣ್ಣು, ಮೂಗು, ಚರ್ಮಕ್ಕೆ ಉರಿ ತರುತ್ತೆ. ಬಡಗಿಗಳು ಮಾಸ್ಕ್ ಹಾಕಿಕೊಳ್ಳಲೇಬೇಕು.

ನಮ್ಮ ಘಟ್ಟದ ಮರಕ್ಕೂ ಇದೇ ಕಥೆ. ಬೆನ್‌ಟೀಕ್ ಅಂತ ಕರೆಯುವ ಮರ ತೇಗವೇ ಅಲ್ಲ, ಅದು ನಂದಿ ಮರ. 'ಮಲೇಷ್ಯಾ ಸಾಲ್' ಅನ್ನೋ ಹೆಸರಿನಲ್ಲೂ ಹಲವು ಜಾತಿ ಮರ ಬರುತ್ತೆ. ಒಂದು ಲೋಡು ಗಟ್ಟಿ ಇರಬಹುದು, ಇನ್ನೊಂದು ಹಗುರ ಇರಬಹುದು.

ಅನುಮಾನ ಬಂದ್ರೆ ಪರೀಕ್ಷೆ ಮಾಡಿಸೋ ಜಾಗ ದೂರ ಇಲ್ಲ. ಬೆಂಗಳೂರಿನ ಮಲ್ಲೇಶ್ವರಂ 18ನೇ ಕ್ರಾಸ್‌ನಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಐಡಬ್ಲ್ಯುಎಸ್‌ಟಿ ಅಂತ ಎಲ್ಲರೂ ಕರೆಯೋದು. ಮರದ ತುಂಡು ಕೊಟ್ಟು ಶುಲ್ಕ ಕಟ್ಟಿದ್ರೆ ಅದು ಯಾವ ಜಾತಿ ಅಂತ ಹೇಳ್ತಾರೆ. ಒಂದು ಕಿಟಕಿಗೆ ಇಷ್ಟೆಲ್ಲ ಬೇಕಾಗಿಲ್ಲ. ಕಲ್ಯಾಣ ಮಂಟಪ, ದೇವಸ್ಥಾನ, ಶಾಲೆ ಕಟ್ಟಡಕ್ಕೆ ಲಕ್ಷಗಟ್ಟಲೆ ಮರ ತರೋರಿಗೆ ಇದು ಒಳ್ಳೆ ದಾರಿ.

ನಮ್ಮ ಸುತ್ತಮುತ್ತಲ ಮರಗಳು

ಹಲಸು: ಈ ಕಡೆಗೆ ಮೊದಲ ಆಯ್ಕೆ ಇದೇ. ಬಲಿತ ಮರದ ಚೇಗು ಕೊಯ್ದಾಗ ಹಳದಿ ಇರುತ್ತೆ, ಬರಬರುತ್ತಾ ಕಂದು ಆಗುತ್ತೆ. ಗೆದ್ದಲು ಸುಲಭಕ್ಕೆ ಮುಟ್ಟಲ್ಲ. ಕೆಲಸಕ್ಕೂ ಹದ. ವೀಣೆ ಮಾಡೋದೂ ಇದೇ ಮರದಲ್ಲಿ. ಬಾಗಿಲು, ಕಿಟಕಿ, ಚೌಕಟ್ಟು ಎಲ್ಲಕ್ಕೂ ಆಗುತ್ತೆ. ಫಲ ಬಿಡೋದು ನಿಂತ ಹಳೇ ಮರ ಸಿಕ್ಕರೆ ಬಿಡಬಾರದು.

ಬೇವು: ಹುಳು ಕಾಟ ಕಡಿಮೆ. ಹಳ್ಳಿಮನೆ ಬಾಗಿಲುಗಳಲ್ಲಿ ಹಿಂದಿನಿಂದಲೂ ಇದೆ. ಎಳೆ ಅಡ್ಡಾದಿಡ್ಡಿ ಇರೋದರಿಂದ ಸರಿಯಾಗಿ ಒಣಗಿಸದಿದ್ರೆ ತಿರುಚಿಕೊಳ್ಳುತ್ತೆ. ಅಗಲ ಹಲಗೆಗಿಂತ ಚೌಕಟ್ಟಿಗೆ, ಸಣ್ಣ ಪಟ್ಟಿಗಳಿಗೆ ವಾಸಿ.

ಕರಿಜಾಲಿ: ಗಾಡಿ ಚಕ್ರ, ನೇಗಿಲು ಮಾಡ್ತಿದ್ದ ಮರ. ನೈಲ್ ನದಿಯ ದಂಡೆಯಲ್ಲಿ ಪುರಾತನ ಈಜಿಪ್ಟಿನವರು ದೋಣಿ ಕಟ್ಟುತ್ತಿದ್ದುದೂ ಜಾಲಿ ಮರದಿಂದಲೇ. ಅಲ್ಲಿ ಉದ್ದ ಹಲಗೆ ಸಿಗದೆ ಚಿಕ್ಕ ಚಿಕ್ಕ ತುಂಡುಗಳನ್ನು ಇಟ್ಟಿಗೆ ಥರ ಜೋಡಿಸಿ ಕಟ್ಟುತ್ತಿದ್ರು. ಇಲ್ಲೂ ಅಷ್ಟೇ, ಉದ್ದಕ್ಕೆ ನೆಟ್ಟಗೆ ಸಿಗೋದು ಕಷ್ಟ. ಹೊಸ್ತಿಲು, ಕಿಟಕಿಯ ಕೆಳಪಟ್ಟಿ ಥರದ ಗಿಡ್ಡ ತುಂಡುಗಳಿಗೆ ಒಳ್ಳೇದು. ಆದ್ರೆ ಕೆರೆ ಅಂಗಳದಲ್ಲಿ ನಿಂತಿರುವ ಜಾಲಿ ಯಾರ ಸ್ವಂತದ್ದೂ ಅಲ್ಲ, ಕಡಿದ್ರೆ ಕೇಸು ಬೀಳುತ್ತೆ.

ನೀಲಗಿರಿ: ಈ ಜಿಲ್ಲೆಗೂ ನೀಲಗಿರಿಗೂ ಹಳೇ ನಂಟು. 'ಮೈಸೂರು ಗಮ್' ಅಂತ ದೇಶಕ್ಕೆಲ್ಲ ಹರಡಿದ ತಳಿಯ ಮೂಲ ನಂದಿ ಬೆಟ್ಟ. ಎಷ್ಟು ಹರಡಿತು ಅಂದ್ರೆ ಅಂತರ್ಜಲದ ಕಾರಣಕ್ಕೆ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೆಡೋದನ್ನೇ ನಿಷೇಧಿಸಿತು. ಮರ ಗಟ್ಟಿ ಇದ್ರೂ ಒಳಗೆ ಬಿಗಿ ಜಾಸ್ತಿ, ಕೊಯ್ದ ಕೂಡಲೇ ತುದಿಯಿಂದ ಸೀಳುತ್ತೆ. ಎಂಟು ಹತ್ತು ವರ್ಷದ ಪೋಲ್‌ನಿಂದ ಬಾಗಿಲು ಮಾಡಿಸೋದು ಬೇಡ. ಮೋಲ್ಡಿಂಗ್‌ಗೆ ಊರೆ ಕೊಡೋಕೆ ಸಾಕು.

ಹೆಬ್ಬೇವು, ಸಿಲ್ವರ್ ಓಕ್, ಮಾವು: ಮೂರೂ ಪ್ಲೈವುಡ್‌ಗೆ, ಪ್ಯಾಕಿಂಗ್ ಪೆಟ್ಟಿಗೆಗೆ, ಒಳಗಿನ ಫರ್ನಿಚರ್‌ಗೆ ಸರಿ. ಹಾಗೇ ತಂದು ಮಳೆಗೆ ಒಡ್ಡಿದ್ರೆ ಬೇಗ ಹಾಳಾಗುತ್ತೆ. ಹೆಬ್ಬೇವಿನ ಹೆಸರಿನಲ್ಲಿ ಬೇವು ಇದೆ ಅಂತ ಬೇವಿನ ಬಾಳಿಕೆ ಬರಲ್ಲ.

ಹಳೇ ಮನೆ ಮರ: ತೊಟ್ಟಿಮನೆ, ಹಳೇ ಶಾಲೆ ಒಡೆದಾಗ ಸಿಗುವ ತೊಲೆ, ಕಂಬ ಐವತ್ತು ಅರವತ್ತು ವರ್ಷ ಒಣಗಿ ಕುಗ್ಗೋದೆಲ್ಲ ಕುಗ್ಗಿ ಮುಗಿದಿರುತ್ತೆ. ಬಚ್ಚಿಟ್ಟುಕೊಂಡ ಮೊಳೆ ತೆಗೆಸಬೇಕು, ಗೋಡೆಯೊಳಗಿದ್ದ ತುದಿಯಲ್ಲಿ ಗೆದ್ದಲು ತಿಂದಿದೆಯಾ ಬಡಿದು ನೋಡಬೇಕು. ಟೊಳ್ಳು ಸದ್ದು ಬಂದ್ರೆ ಆ ಭಾಗ ಕಡಿಸಿ ಬಿಸಾಕಿ.

ಘಟ್ಟದಿಂದ ಬರೋ ಮತ್ತಿ, ಹೊನ್ನೆ

ಮಲೆನಾಡಿನ ಮತ್ತಿ ಮರ ತೇಗಕ್ಕಿಂತ ಭಾರ. ಒಣಗಿದ ತೇಗ ಒಂದು ಘನ ಅಡಿಗೆ ಸುಮಾರು 18 ಕೆ.ಜಿ. ತೂಗಿದ್ರೆ ಮತ್ತಿ 24 ಕೆ.ಜಿ.ಯಷ್ಟು ತೂಗುತ್ತೆ. ಹಿಂದೆ ರೈಲ್ವೆ ಹಳಿಗೆ ಅಡ್ಡಪಟ್ಟಿ ಆಗಿತ್ತು. ಬಲಕ್ಕೆ ಕೊರತೆ ಇಲ್ಲ. ಆದ್ರೆ ಅವಸರಕ್ಕೆ ಬಿಸಿಲಲ್ಲಿ ಒಣಗಿಸಿದ್ರೆ ಮೈಮೇಲೆಲ್ಲ ಬಿರುಕು. ನೆರಳಲ್ಲಿ, ಹಲಗೆ ಮಧ್ಯೆ ರೀಪು ಇಟ್ಟು, ನಿಧಾನವಾಗಿ ಒಣಗಿಸಬೇಕು. ಚೌಕಟ್ಟಿಗೆ ಸೂಕ್ತ, ತೆಳು ಬಾಗಿಲಿಗೆ ಅಲ್ಲ.

ಹೊನ್ನೆ ಬಾಳಿಕೆಯಲ್ಲಿ ತೇಗಕ್ಕೆ ಹತ್ತಿರ. ಆದ್ರೆ ನೆನೆದಾಗ ಬಣ್ಣ ಬಿಡುತ್ತೆ. ಹೊಸ ಸುಣ್ಣದ ಗೋಡೆ ಮೇಲೆ ಹಳದಿ, ಕಂದು ಕಲೆ ಇಳಿಯುತ್ತೆ. ಗೋಡೆಗೆ ಕೂರಿಸೋ ಮೊದಲೇ ನಾಲ್ಕೂ ಮೈಗೆ ಪ್ರೈಮರ್ ಹೊಡೆಸಿದ್ರೆ ಈ ತೊಂದರೆ ತಪ್ಪುತ್ತೆ. ಇಂಥ ಒಗರು ಮರಕ್ಕೆ ಬರೀ ಕಬ್ಬಿಣದ ಮೊಳೆ ಹೊಡೆದ್ರೆ ಮಳೆ ಬಿದ್ದ ಮೇಲೆ ಸುತ್ತ ಕಪ್ಪು ಕಲೆ ಬೀಳುತ್ತೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ.

ಎರಡೂ ನಿಧಾನವಾಗಿ ಬೆಳೆಯುವ ಕಾಡು ಮರಗಳು. ಬಿಲ್, ಸಾಗಣೆ ಪರವಾನಗಿ ಇಲ್ಲದ ಮರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ.

ಮೆತ್ತನೆ ಮರವನ್ನು ಗಟ್ಟಿ ಮಾಡೋ ವಿದ್ಯೆ

ಹೊರದೇಶದ ದೋಣಿ ಕಟ್ಟೋರು, ಡೆಕ್ ಹಾಕೋರು ಈಗ ಇನ್ನೊಂದು ದಾರಿ ಹಿಡಿದಿದ್ದಾರೆ. ಗಟ್ಟಿ ಮರ ಹುಡುಕೋ ಬದಲು ಮೆತ್ತನೆ ಮರದ ಗುಣವನ್ನೇ ಬದಲಿಸೋದು.

ಒಂದು, ಶಾಖ. ಗಾಳಿ ಇಲ್ಲದ ಕೋಣೆಯಲ್ಲಿ ಮರವನ್ನು 180ರಿಂದ 220 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ್ರೆ ಅದು ಸುಡಲ್ಲ, ನೀರು ಹೀರೋ ಗುಣ ಕಳ್ಕೊಳ್ಳುತ್ತೆ. ಬಣ್ಣ ಕಾಫಿ ಥರ ಕಂದು ಆಗುತ್ತೆ. ಬೂಸ್ಟು ಕಡಿಮೆ, ಉಬ್ಬೋದು ಕಡಿಮೆ. ಆದ್ರೆ ಸ್ವಲ್ಪ ಬಲವೂ ಹೋಗುತ್ತೆ, ಹಾಗಾಗಿ ಭಾರ ಹೊರುವ ಕಡೆ ಹಾಕಲ್ಲ. ಮಲ್ಲೇಶ್ವರಂನ ಐಡಬ್ಲ್ಯುಎಸ್‌ಟಿ ವಿಜ್ಞಾನಿಗಳು ಈ ಪ್ರಯೋಗವನ್ನು ರಬ್ಬರ್ ಮರದ ಜೊತೆ ಸಿಲ್ವರ್ ಓಕ್ ಮೇಲೂ ಮಾಡಿ ಫಲಿತಾಂಶ ಪ್ರಕಟಿಸಿದ್ದಾರೆ. ಸಿಲ್ವರ್ ಓಕ್ ಬದುವಿನಲ್ಲಿ ಬೆಳೆಯೋ ನಮ್ಮ ರೈತರಿಗೆ ಇದು ಗಮನಿಸಬೇಕಾದ ವಿಷಯ.

ಎರಡು, ಅಸಿಟಿಲೇಷನ್. ವಿನೆಗರ್ ಜಾತಿಯ ರಾಸಾಯನಿಕದಲ್ಲಿ ಪೈನ್ ಮರವನ್ನು ಸಂಸ್ಕರಿಸಿದ್ರೆ ಅದು ನೀರಿಗೆ ಸ್ಪಂದಿಸೋದೇ ಬಹಳ ಕಡಿಮೆ. 'ಅಕೋಯಾ' ಅನ್ನೋ ಹೆಸರಲ್ಲಿ ಮಾರಾಟ ಆಗೋ ಇಂಥ ಮರಕ್ಕೆ ನೆಲದ ಮೇಲೆ ಹಾಕಿದ್ರೆ 50 ವರ್ಷದ ಗ್ಯಾರಂಟಿ ಕೊಡ್ತಾರೆ. ಬೆಲೆ ಮಾತ್ರ ನಮ್ಮ ಕೈಗೆಟುಕೋದಲ್ಲ.

ಮೂರು, ಔಷಧ. ಬೋರಿಕ್ ಆಸಿಡ್, ಬೋರಾಕ್ಸ್ ದ್ರಾವಣ ಹತ್ತಿಸಿದ ಮರ ಹುಳುವಿಗೆ ತಡೆ. ಆದ್ರೆ ಅದು ನೀರಿನಲ್ಲಿ ಕರಗುತ್ತೆ, ಮಳೆಗೆ ಒಡ್ಡಿದ್ರೆ ತೊಳೆದು ಹೋಗುತ್ತೆ. ನೆರಳಿನ ಜಾಗಕ್ಕೆ, ಮೇಲೆ ಪೇಂಟ್ ಹೊಡೆಯೋ ಚೌಕಟ್ಟಿಗೆ ಮಾತ್ರ. ಬರೀ ಬ್ರಷ್‌ನಲ್ಲಿ ಬಳಿದ್ರೆ ಮೇಲ್ಮೈಗಷ್ಟೇ ಹತ್ತುತ್ತೆ, ಒತ್ತಡದಲ್ಲಿ ಹತ್ತಿಸಿದ್ರೆ ಒಳಗೆ ಇಳಿಯುತ್ತೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಹಸಿರು ಬಣ್ಣದ ಔಷಧ ಮಳೆಗೆ ನಿಲ್ಲುತ್ತೆ, ಆದ್ರೆ ಆರ್ಸೆನಿಕ್ ವಿಷ. ಕೈ ತಾಗುವ, ಮಕ್ಕಳು ಆಡುವ ಜಾಗಕ್ಕೆ ಬೇಡ. ಅದರ ಚೂರುಗಳನ್ನು ಒಲೆಗೆ ಹಾಕಲೇಬಾರದು.

ಹುಳು ಮನೆ ಇರೋರಿಗೆ ಬೇರೆ ಲೆಕ್ಕ

ಇಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಜಂಗಮಕೋಟೆ ಹೋಬಳಿಯಲ್ಲಿ ರೇಷ್ಮೆ ನಂಬಿದ ಕುಟುಂಬಗಳು ಬಹಳ. ರೇಷ್ಮೆ ಹುಳು ಕೂಡ ಹುಳುವೇ. ಗೆದ್ದಲು ಸಾಯಿಸೋ ಔಷಧ ರೇಷ್ಮೆ ಹುಳುವನ್ನೂ ಸಾಯಿಸುತ್ತೆ. ಹುಳು ಮನೆಯ ಬಾಗಿಲು, ಕಿಟಕಿಗೆ ಗೆದ್ದಲು ಔಷಧ ಬಳಿಸಿ ಮುಂದಿನ ವಾರ ಚಾಕಿ ಹುಳು ತಂದ್ರೆ ಇಡೀ ಬೆಳೆ ಹೋಗಬಹುದು. ಬೇವಿನೆಣ್ಣೆ 'ನ್ಯಾಚುರಲ್' ಅಂತ ಬಳಿಯೋದೂ ತಪ್ಪು, ಬೇವಿನ ಅಂಶ ರೇಷ್ಮೆ ಹುಳುವಿಗೂ ವಿಷ. ಔಷಧ ಹತ್ತಿಸಿದ ಮರವನ್ನು ಸ್ಟ್ಯಾಂಡಿಗೆ, ಸೊಪ್ಪು ತಾಗುವ ಯಾವ ಜಾಗಕ್ಕೂ ಹಾಕಬಾರದು.

ಹುಳು ಮನೆಯಲ್ಲಿ ಮರಕ್ಕೆ ಕಷ್ಟವೂ ಜಾಸ್ತಿ. ಒಳಗೆ ಸದಾ ತೇವ ನೂರಕ್ಕೆ ಎಪ್ಪತ್ತು, ಎಂಬತ್ತು ಇರಬೇಕು. ಪ್ರತಿ ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ನೀರಲ್ಲಿ ತೊಳೆಯಬೇಕು. ಇದಕ್ಕೆ ಸರಿಯಾದ ದಾರಿ ಚೌಕಟ್ಟನ್ನು ಕಲ್ಲಿನಲ್ಲೋ ಸಿಮೆಂಟಿನಲ್ಲೋ ಮಾಡಿಸೋದು, ಬಾಗಿಲಿಗೆ ಮಾತ್ರ ಹಲಸಿನ ಚೇಗು ಹಾಕಿ ಪೇಂಟ್ ಹೊಡೆಸೋದು. ಪೇಂಟಿನ ವಾಸನೆ ಪೂರ್ತಿ ಹೋಗೋವರೆಗೆ ಹುಳು ತರಬಾರದು. ಅಕ್ಕಪಕ್ಕದ ವಾಸದ ಮನೆಗೆ ಗೆದ್ದಲು ಔಷಧ ಹೊಡೆಸೋದಿದ್ರೂ ಹುಳು ಇಲ್ಲದ ಸಮಯ ನೋಡಿಕೊಳ್ಳಬೇಕು.

ಮರವೇ ಬೇಡ ಅಂದ್ರೆ

ಕಲ್ಲು ನಮ್ಮ ಜಿಲ್ಲೆಯ ಸೊತ್ತು. ದ್ರಾಕ್ಷಿ ಚಪ್ಪರಕ್ಕೆ ಕಂಬ, ಹೊಲಕ್ಕೆ ಬೇಲಿ, ಮನೆಗೆ ಚಪ್ಪಡಿ, ಎಲ್ಲಾ ಕಲ್ಲೇ. ಹೊಸ್ತಿಲಿಗೆ, ಕಿಟಕಿಯ ಕೆಳಪಟ್ಟಿಗೆ ಕಲ್ಲು ಹಾಕಿಸಿದ್ರೆ ಮರ ಮೊದಲು ಕೊಳೆಯೋ ಜಾಗದಲ್ಲಿ ಮರವೇ ಇರಲ್ಲ. ಸಿಮೆಂಟ್ ಚೌಕಟ್ಟು ಅಗ್ಗ, ಆದ್ರೆ ಕೀಲು ಕೂರಿಸೋ ಜಾಗ ಮೊದಲೇ ಸರಿಯಾಗಿ ಬಿಟ್ಟಿರಬೇಕು.

ಯುಪಿವಿಸಿ ಕಿಟಕಿಗೆ ಗೆದ್ದಲು, ನೀರು ಎರಡರ ಭಯವೂ ಇಲ್ಲ. ಒಳಗೆ ಸ್ಟೀಲ್ ಪಟ್ಟಿ ಇದೆಯಾ ಕೇಳಿ, ಇಲ್ಲದಿದ್ರೆ ಬಾಗುತ್ತೆ. ಡಬ್ಲ್ಯುಪಿಸಿ ಅಂದ್ರೆ ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಅಚ್ಚು ಹೊಯ್ದ ಹಲಗೆ. ಬಾತ್‌ರೂಮ್ ಬಾಗಿಲಿಗೆ ಚೆನ್ನ. ನೇರ ಬಿಸಿಲಲ್ಲಿ ಕಾಯುತ್ತೆ, ಉದ್ದಕ್ಕೆ ಹಿಗ್ಗುತ್ತೆ. ತಲೆಬಾಗಿಲಿನ ಭಾರಕ್ಕೆ ಸ್ಕ್ರೂ ಹಿಡಿತ ಸಾಲಲ್ಲ.

ಡೆಕ್ ಕೆಲಸ ಸಿಕ್ಕಿದ ಬಡಗಿಗಳಿಗೆ

ನಂದಿ ಬೆಟ್ಟದ ಸುತ್ತ, ದೇವನಹಳ್ಳಿ ಕಡೆ ರೆಸಾರ್ಟು, ವಿಲ್ಲಾಗಳಲ್ಲಿ ಮರದ ಡೆಕ್ ಹಾಕಿಸೋದು ಹೆಚ್ಚಾಗಿದೆ. ಈಜುಕೊಳದ ಪಕ್ಕ, ತಾರಸಿ ಮೇಲೆ ಹಲಗೆ ನೆಲ. ಇದು ದೋಣಿಯ ಡೆಕ್ಕಿನದ್ದೇ ಕೆಲಸ. ಅಲ್ಲಿ ಕೇಳೋ ಈಪೆ ಅನ್ನೋ ದಕ್ಷಿಣ ಅಮೆರಿಕದ ಮರ ನೀರಲ್ಲಿ ಮುಳುಗುವಷ್ಟು ಭಾರ. 2024ರ ನವೆಂಬರ್‌ನಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ ಒಪ್ಪಂದದಡಿ ಪರ್ಮಿಟ್ ಬೇಕು. ಕಾಗದ ಇಲ್ಲದ ಮಾಲು ಮುಟ್ಟಬೇಡಿ.

ಪ್ಲಾಸ್ಟಿಕ್ ಡೆಕ್ ಹಾಕಿದ್ರೆ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಅಡಿಪಟ್ಟಿಗಳನ್ನೂ ಮರಕ್ಕಿಂತ ಹತ್ತಿರ ಹತ್ತಿರ ಕೊಡಬೇಕು, ಇಲ್ಲದಿದ್ರೆ ಜೋಲುತ್ತೆ. ಯಾವ ಹಲಗೆಯಾದ್ರೂ ನಡುವೆ ಐದಾರು ಮಿ.ಮೀ. ಸಂದು, ಕೆಳಗೆ ಗಾಳಿ ಓಡೋ ಜಾಗ, ನೀರು ಹರಿಯೋ ಇಳಿಜಾರು ಬೇಕೇ ಬೇಕು.

ಲೆಕ್ಕ ಹಾಕಿ ನೋಡಿ

ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ತಲೆಬಾಗಿಲಿಗೆ 5x3 ಇಂಚಿನ ಚೌಕಟ್ಟು, ಹೊಸ್ತಿಲೂ ಸೇರಿ ಅಂದ್ಕೊಳ್ಳಿ. ಒಟ್ಟು ಉದ್ದ 21 ಅಡಿ. ಐದನ್ನು ಮೂರರಿಂದ ಗುಣಿಸಿ 144ರಿಂದ ಭಾಗಿಸಿ, ಉದ್ದದಿಂದ ಗುಣಿಸಿದ್ರೆ ಸುಮಾರು 2.2 ಘನ ಅಡಿ.

ಈಗ 4x4 ಅಡಿಯ ನಾಲ್ಕು ಕಿಟಕಿ, 4x3 ಇಂಚಿನ ಚೌಕಟ್ಟು, ಮಧ್ಯೆ ಒಂದು ಕಂಬ. ಒಂದಕ್ಕೆ 20 ಅಡಿ ಉದ್ದ, ಸುಮಾರು 1.67 ಘನ ಅಡಿ. ನಾಲ್ಕಕ್ಕೆ 6.7 ಘನ ಅಡಿ. ಅಂದ್ರೆ ತಲೆಬಾಗಿಲಿನ ಮೂರು ಪಟ್ಟು ಮರ ಕಿಟಕಿಗೇ ಹೋಗುತ್ತೆ.

ಹಿರಿಯರ ಆಸೆಯಂತೆ ಪೂಜೆ ಮಾಡಿ ಕೂರಿಸೋ ತಲೆಬಾಗಿಲಿಗೆ ಒಳ್ಳೆ ತೇಗದ ಚೇಗು ಹಾಕಿ, ಕಿಟಕಿಗೆ ಹಲಸು, ಬೇವು ಅಥವಾ ಮತ್ತಿ ಹಾಕಿದ್ರೆ ಉಳಿತಾಯ ಇರೋದು ಅಲ್ಲೇ. ಘನ ಅಡಿಗೆ ಎರಡು ಸಾವಿರ ವ್ಯತ್ಯಾಸ ಬಂದ್ರೂ ನಾಲ್ಕು ಕಿಟಕಿಯಲ್ಲಿ ಹದಿಮೂರು ಸಾವಿರ ಉಳಿಯುತ್ತೆ. ಎಲ್ಲಕ್ಕೂ 'ಅಗ್ಗದ ಟೀಕ್' ಹಾಕಿಸಿ ಎಲ್ಲವನ್ನೂ ಕೆಡಿಸಿಕೊಳ್ಳೋದಕ್ಕಿಂತ ಇದು ವಾಸಿ.

ಒಣಗಿದೆಯಾ ಅಂತ ತಿಳಿಯೋದು ಹೇಗೆ

ಮೀಟರ್ ಇಲ್ಲದಿದ್ರೂ ಆಗುತ್ತೆ. ಹಲಗೆ ತುದಿಯಿಂದ ಅರ್ಧ ಅಡಿ ಬಿಟ್ಟು, ಒಳಗಿನಿಂದ ಒಂದು ತೆಳು ತುಂಡು ಕೊಯ್ಸಿ ಅಂಗಡಿ ತಕ್ಕಡಿಯಲ್ಲಿ ತೂಕ ಬರೆದಿಟ್ಟುಕೊಳ್ಳಿ. ಬೇಕರಿ ಒಲೆಯ ಬಿಸಿಯಲ್ಲಿ ಸುಡದ ಹಾಗೆ ತೂಕ ಇಳಿಯೋದು ನಿಲ್ಲೋವರೆಗೆ ಒಣಗಿಸಿ. 560 ಗ್ರಾಂ ಇದ್ದದ್ದು 500 ಗ್ರಾಂಗೆ ನಿಂತ್ರೆ ತೇವ ನೂರಕ್ಕೆ 12. ನಮ್ಮಂಥ ಒಣ ಸೀಮೆಗೆ ಅದು ಸರಿ. 625 ಇದ್ದದ್ದು 500ಕ್ಕೆ ಇಳಿದ್ರೆ ನೂರಕ್ಕೆ 25, ಆ ಮರ ಇನ್ನೂ ಹಸಿ. ಇವತ್ತು ಬಾಗಿಲು ಮಾಡಿಸಿದ್ರೆ ಬೇಸಿಗೆಗೆ ಸಂದು ಬಿಡುತ್ತೆ.

ಕೂರಿಸೋವಾಗ ಐದು ಮಾತು

ಮರದ ಮೈಗಿಂತ ಕಡಿದ ತುದಿ ಎಷ್ಟೋ ಪಟ್ಟು ವೇಗವಾಗಿ ನೀರು ಹೀರುತ್ತೆ. ಚೌಕಟ್ಟಿನ ಬುಡಕ್ಕೆ ಎಪಾಕ್ಸಿಯೋ, ಎರಡು ಮೂರು ಕೋಟು ಪೇಂಟೋ ಹೊಡೆಸದೆ ನಿಲ್ಲಿಸಬೇಡಿ.

ಬುಡ ನೆಲದೊಳಗೆ ಹೂಳಬೇಡಿ. ದಿನಾ ನೆಲ ಒರೆಸೋ ನೀರೇ ಸಾಕು ಕೊಳೆಸೋಕೆ. ಕಲ್ಲಿನ ಮೇಲೆ ಅರ್ಧ ಇಂಚು ಎತ್ತರಿಸಿ.

ಗೋಡೆಗೆ ತಾಗುವ ಬೆನ್ನಿಗೂ ಪ್ರೈಮರ್ ಬೇಕು. ಕಾಣಲ್ಲ ಅಂತ ಬಿಡೋದು ಅಲ್ಲೇ.

ಕಿಟಕಿ ಮೇಲಿನ ಸಜ್ಜ ಎರಡು ಅಡಿ ಮುಂದೆ ಬರಲಿ, ಕೆಳಪಟ್ಟಿ ಹೊರಗೆ ಇಳಿಜಾರಾಗಿರಲಿ. ಪಡುವಣ ಬಿಸಿಲಿಗೆ ಮರದ ಬಣ್ಣ ಮೊದಲು ಬೂದಿಯಾಗುತ್ತೆ. ಬೂದಿ ಬಣ್ಣ ಕೊಳೆತ ಗುರುತಲ್ಲ, ಮೆತ್ತಗಾದ್ರೆ ಕೊಳೆತ ಗುರುತು.

ಗಾಜಿನಂತೆ ಹೊಳೆಯೋ ವಾರ್ನಿಷ್ ಬಿಸಿಲಿಗೆ ಪದರ ಪದರ ಏಳುತ್ತೆ. ಅದಕ್ಕಿಂತ ವರ್ಷಕ್ಕೊಮ್ಮೆ ಕಾಯಿಸಿದ ಅಗಸೆ ಎಣ್ಣೆ ಒರೆಸೋದು ಸುಲಭ. ಎಣ್ಣೆ ಒರೆಸಿದ ಬಟ್ಟೆ ಮುದುರಿ ಮೂಲೆಗೆ ಎಸೆದ್ರೆ ತಾನೇ ಕಾದು ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಹಾಕಿ.

ಸ್ವಂತ ಹೊಲದ ಮರ ಕಡಿಯೋ ಮೊದಲು

ಸ್ವಂತ ಜಮೀನಿನ ತೇಗ, ಹೊನ್ನೆ, ಮತ್ತಿ ಆದ್ರೂ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು, ಸಾಗಿಸೋಕೆ ಪಾಸ್ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸಿಲ್ವರ್ ಓಕ್, ತೆಂಗು ಥರದ ಕೆಲವು ಮರಗಳಿಗೆ ವಿನಾಯಿತಿ ಇದೆ. ಹಲಸು, ಬೇವು ಕಡಿಯೋ ಮೊದಲೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡು ಹೋಗೋದು ಕ್ಷೇಮ.

ಇನ್ನು ನೆಡೋರಿಗೆ: 2011-12ರಿಂದ ಇರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಇಲಾಖೆ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತೆ, ಬದುಕಿ ಉಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನವೂ ಬರುತ್ತೆ. ಬದುವಿಗೆ ಬರೀ ತೇಗ, ಹೆಬ್ಬೇವು ಇಡೋ ಬದಲು ನಾಲ್ಕು ಹಲಸು ಇಟ್ರೆ ಹಣ್ಣು ಮೊದಲು, ಮರ ಆಮೇಲೆ. ಅಪ್ಪ ನೆಟ್ಟ ಹಲಸು ಮಗಳ ಮನೆಗೆ ಬಾಗಿಲಾಗೋದು ಈ ಸೀಮೆಗೆ ಹೊಸದೇನಲ್ಲ.

ಡಿಪೋಗೆ ಹೋಗುವಾಗ ಕೇಳಬೇಕಾದ್ದು 'ಟೀಕ್ ರೇಟ್ ಎಷ್ಟು' ಅಂತಲ್ಲ. ಇದು ಯಾವ ಮರ, ಚೇಗು ಎಷ್ಟಿದೆ, ಕೊಯ್ದು ಎಷ್ಟು ದಿನ ಆಯ್ತು, ಬಿಲ್ ಕೊಡ್ತೀರಾ. ಈ ನಾಲ್ಕಕ್ಕೂ ನೇರ ಉತ್ತರ ಸಿಕ್ಕರೆ ಅಳತೆ ಹಾಕಿಸಿ. ಸಿಗದಿದ್ರೆ ಮುಂದಿನ ಡಿಪೋ ನೋಡಿ.